ಹಾಸಿದ ಚಿಟೆಂಜೆ, ಕೈಯಲ್ಲಿ ಚೆಂಡು

ಜುಲೈ 14, ಜೊಂಬಾ

ಅಮ್ಮ ಒಂಟಿ ಕಾಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿದೆ. ನಿದ್ದೆ ಎಲ್ಲಿಂದ ಬರಬೇಕು!

ಇಂಗ್ಲೆಂಡಿನ ಕ್ಲಬ್ಬಿಗೆ ಒಂದು ವರ್ಷ ನೆಟ್‌ಬಾಲ್ ಆಡಿ ಇವತ್ತು ಊರಿಗೆ ಬಂದೆ. ಹೆಂಗಸರೆಲ್ಲ ಸೊಂಟಕ್ಕೆ ಸುತ್ತಿದ್ದ ಚಿಟೆಂಜೆ ಬಟ್ಟೆ ಬಿಚ್ಚಿ ನನ್ನ ದಾರಿಗೆ ಹಾಸಿದರು. ಚೆಂಡು ಹಿಡಿದು ಗತ್ತಿನಿಂದ ನಾಲ್ಕು ಹೆಜ್ಜೆ ಇಟ್ಟಿದ್ದೆ, ಆಟ ಕಲಿಸಿದ ಎಸ್ನಾಟ್ ಟೀಚರ್ ಸೀಟಿ ಊದಿಯೇಬಿಟ್ಟರು.

"ಏನೇ, ಚೆಂಡು ಹಿಡ್ಕೊಂಡು ನಡೀತೀಯಾ? ಅಲ್ಲಿ ಇದೇನಾ ಕಲ್ತಿದ್ದು? ಪಾಸ್ ಮಾಡೇ!"

ಎದುರಿಗಿದ್ದ ಅಮ್ಮನಿಗೆ ಎಸೆದೆ. ಹೊಲದ ಕೆಲಸ ಬಿಟ್ಟು ಒಂದು ಪಂದ್ಯಕ್ಕೂ ಬಂದದ್ದನ್ನು ನಾನು ಕಾಣದ ಅಮ್ಮ, ಹಾರಿ ಹಿಡಿದು ಒಂಟಿ ಕಾಲಲ್ಲಿ ಅಲುಗದೆ ನಿಂತಳು. ಆಟದ ನಿಯಮದಂತೆಯೇ ಮೂರು ಎಣಿಸುವುದರೊಳಗೆ ನನಗೇ ವಾಪಸು ಎಸೆದಳು.

"ಯಾವಾಗಮ್ಮಾ ಕಲ್ತಿದ್ದು?"

"ನೀನು ಇಲ್ಲಿ ಆಡ್ವಾಗ್ಲೆಲ್ಲ ನೋಡ್ತಿದ್ನಲ್ಲ. ನಾನು ಕಂಡ್ರೆ ನಿನ್ನ ಕೈ ನಡುಗೀತು ಅಂತ ಬೇಲಿ ಹಿಂದೆ ನಿಲ್ತಿದ್ದೆ."