ಹಳ್ಳೆಪ್ಪ ಸೇರಿಸಿದ ಅರ್ಧ ಪಾಲು

ಇಸವಿ 2318, ಅಧಿಕ ಚೈತ್ರ, ಬಹುಳ ದಶಮಿ
ಬಿಳಿ ಬಯಲು, ಶಹಾಬಾದ

ಮುನ್ನೂರು ವರ್ಷ ಹಿಂದಿರುವ ಹಿರಿಯರಿಗೆ ಜಗದೇವಿಯ ನಮಸ್ಕಾರ.

ಈ ತಾರೀಖನ್ನು ನೀವು ನಂಬಲಾರಿರಿ ಎಂದು ಬಲ್ಲೆ. ನನ್ನ ಕೆಲವು ಮಾತುಗಳೂ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಬೇಕು. ನಿಮ್ಮ ಕನ್ನಡವನ್ನು ಹಳೆಯ ಪುಸ್ತಕಗಳಿಂದ ಕಲಿತವಳು ನಾನು. ನೀವು ಉಪಗ್ರಹ ಎನ್ನುವುದನ್ನು ನಾವು ಸುತ್ತುಗಣ್ಣು ಎನ್ನುತ್ತೇವೆ. ಭೂಮಿಗೆ ಬಿದ್ದ ಬಿಸಿಲಿನಲ್ಲಿ ಮೋಡ, ಹಿಮ, ಮರಳುಗಾಡುಗಳಿಂದ ಚಿಮ್ಮಿ ಆಕಾಶಕ್ಕೆ ಹಿಂದಿರುಗುವ ಭಾಗಕ್ಕೆ ಮರಳುಬೆಳಕು ಎಂದು ಹೆಸರು. ಅದನ್ನು ಮೇಲಿನಿಂದ ಮೊದಲು ಅಳೆದವರು ನಿಮ್ಮ ಕಾಲದವರೇ. ಆಗ ನೂರು ಪಾಲು ಬಿಸಿಲಿಗೆ ಇಪ್ಪತ್ತೊಂಬತ್ತು ಪಾಲು ಹಿಂದಿರುಗುತ್ತಿತ್ತಂತೆ. ಈಗ ಅಷ್ಟಿಲ್ಲ. ಹಿಂದಿರುಗದೆ ಉಳಿದದ್ದು ನಮ್ಮನ್ನು ಸುಡುತ್ತದೆ.

ನಾವು ಹಳೆಯ ಕಲ್ಲುಗಣಿಗಳ ಗೋಡೆಯಲ್ಲಿ ಕೊರೆದ ಮನೆಗಳಲ್ಲಿರುತ್ತೇವೆ. ಬೆಳಗಾಗುವ ಮೊದಲೇ ರೊಟ್ಟಿ ಬಡಿದು, ಹೊತ್ತೇರುವುದರೊಳಗೆ ಹೊಲದಿಂದ ಬಂದು ಕದ ಹಾಕಿಕೊಳ್ಳುತ್ತೇವೆ. ಮಧ್ಯಾಹ್ನ ಹೊರಗೆ ನಿಲ್ಲುವವಳು ನಾನೊಬ್ಬಳೇ. ಗಣಿಯ ಮೇಲೆ ದೊಡ್ಡದೊಂದು ಬಯಲಿಗೆ ಫರಸಿ ಕಲ್ಲು ಹಾಸಿ ಸುಣ್ಣ ಬಳಿದಿದ್ದಾರೆ. ಸುತ್ತುಗಣ್ಣುಗಳು ಬಿಸಿಲಲ್ಲೇ ತಿರುಗುವುದರಿಂದ, ಒಣಹಾಕಿದ ಬಟ್ಟೆ ಬಣ್ಣಗೆಡುವಂತೆ ಅವೂ ಮಸುಕಾಗುತ್ತವೆ. ಆಗ ಕಪ್ಪಾದದ್ದು ಭೂಮಿಯೋ ಮಸುಕಾದದ್ದು ಕಣ್ಣೋ ತಿಳಿಯುವುದಿಲ್ಲ. ಅದಕ್ಕೇ, ಕಣ್ಣು ಈ ಬಯಲಿನ ಮೇಲೆ ಹಾಯುವ ಹೊತ್ತಿಗೆ ಕೆಳಗೊಬ್ಬರು ನಿಂತು ಕೈಯಳತೆ ತೆಗೆದು, ಎರಡನ್ನೂ ಹೋಲಿಸಬೇಕು.

ಇಪ್ಪತ್ತೆರಡು ವರ್ಷ ಈ ಕೆಲಸ ಮಾಡಿದವನು ಹಳ್ಳೆಪ್ಪ. ಮೊಣಕಾಲು ಸೋತ ಮೇಲೆ ಅವನ ಜಾಗಕ್ಕೆ ನಾನು ಬಂದೆ. ನನಗಾಗ ಇಪ್ಪತ್ತಾರು. ಹನ್ನೊಂದು ವರ್ಷಗಳಿಂದ ಅವನ ವರದಿಯಲ್ಲಿ ಒಂದೇ ಸಾಲಿತ್ತು: ಕಣ್ಣು ಮಸುಕಾಗಿದೆ, ಅರ್ಧ ಪಾಲು ಸೇರಿಸಿಕೊಳ್ಳಿ. ನಾನು ಅಳೆದಾಗ ಮೇಲಿನದೂ ಕೆಳಗಿನದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡಿದವು. ನನ್ನ ಕೈಯೇ ತಪ್ಪಿರಬೇಕೆಂದು ಒಂಬತ್ತು ಮಧ್ಯಾಹ್ನ ಅಳೆದೆ. ಆಮೇಲೆ ಅವನ ಮನೆಗೆ ಹೋದೆ. ಗೂನುಬೆನ್ನು ಬಗ್ಗಿಸಿ, ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದ.

"ಕಾಕಾ, ಕಣ್ಣು ಮಸುಕಾಗಿಲ್ಲ. ಎರಡೂ ಕೂಡತಾವ," ಎಂದೆ.

"ನಂಗ ಗೊತ್ತದ."

"ಎಂದಿನಿಂದ?"

"ಮೊದಲನೇ ವರ್ಷದಿಂದ," ಎಂದು ಮೊರ ಕೆಳಗಿಟ್ಟ.

ಮರಳುಬೆಳಕು ಇಪ್ಪತ್ತೆಂಟಕ್ಕಿಂತ ಕೆಳಗಿಳಿದರೆ ಬಿಳುಪು ಹಡಗುಗಳು ಹೊರಡುತ್ತವೆ. ಅವು ಕಡಲಿನ ಮೇಲೆ ಉಪ್ಪುನೀರಿನ ಹನಿ ತೂರಿ ಮೋಡಗಳನ್ನು ಬಿಳಿಯಾಗಿಸುತ್ತವೆ. ಕರಾವಳಿ ತಣ್ಣಗಾಗುತ್ತದೆ, ನಮ್ಮ ಬಯಲುಸೀಮೆಗೆ ಮಾತ್ರ ಮಳೆ ತಪ್ಪುತ್ತದೆ. ನಾನು ಚಿಕ್ಕವಳಿದ್ದಾಗ ಹಾಗೆ ಎರಡು ವರ್ಷ ತಪ್ಪಿತ್ತು. ಹಳ್ಳೆಪ್ಪನ ಹೆಂಡತಿಯೂ ಇಬ್ಬರು ಹೆಣ್ಣುಮಕ್ಕಳೂ ಹೋದದ್ದು ಆಗಲೇ.

"ನಾ ಅರ್ಧ ಪಾಲು ಹಾಕ್ತಾ ಬಂದೆ, ಹಡಗು ಹೊಂಡಲಿಲ್ಲ, ಮಳಿ ಬರ್ತಾ ಹೋಯ್ತು. ನೀ ಅದೇ ನೀರು ಕುಡದು ದೊಡ್ಡಾಕಿ ಆದಿ."

"ಕರಾವಳಿ ಮಂದಿ, ಕಾಕಾ?"

"ಅವರ ಮಾರಿ ನಾ ನೋಡಿಲ್ಲ. ನನ್ನ ಹುಡುಗ್ಯಾರ ಮಾರಿ ನೋಡೀನಿ."

ಆ ಹನ್ನೊಂದು ಬೇಸಗೆಗಳಲ್ಲೂ ಬೆವರು ಆರದ ಸೆಕೆಗೆ ಸತ್ತ ಕರಾವಳಿಯವರ ಹೆಸರುಗಳನ್ನು ಸಂಜೆ ರೇಡಿಯೋದಲ್ಲಿ ಓದುತ್ತಿದ್ದರು. ಓದಿ ಮುಗಿಯುವವರೆಗೆ ಅವ್ವ ನಮಗೆ ಊಟಕ್ಕೆ ಬಡಿಸುತ್ತಿರಲಿಲ್ಲ. ಅಷ್ಟು ಹೆಸರು ಕೇಳಿದ್ದರಿಂದಲೇ ನನಗೆ ಸುಮ್ಮನಿರಲಾಗಲಿಲ್ಲ. ಆದರೆ ಮನೆಯಲ್ಲಿ ತಂಗಿ ಕಾಶವ್ವ ಏಳು ತಿಂಗಳ ಬಸುರಿ. ನಾಲ್ಕು ದಿನ ವರದಿ ಕಳಿಸದೆ ಇಟ್ಟುಕೊಂಡೆ. ಐದನೆಯ ದಿನ ಏನನ್ನೂ ಸೇರಿಸದೆ ಇಪ್ಪತ್ತೇಳೂವರೆ ಎಂದು ಕಳಿಸುವುದಾಗಿ ಹಳ್ಳೆಪ್ಪನಿಗೆ ಹೇಳಿದೆ.

"ಕಳಸು. ತಡೀಲಿಕ್ಕ ನನ್ನಲ್ಲಿ ತ್ರಾಣಿಲ್ಲ," ಎಂದ. "ಹಡಗು ಹೊಂಟ ದಿನ ಮಾತ್ರ ನೀನೇ ಬಂದು ಹೇಳು. ಮಂದಿ ಬಾಯಿಂದ ಬ್ಯಾಡ."

ಹಡಗು ಹೊರಟವು. ನಾನೇ ಹೋಗಿ ಹೇಳಿದೆ. ಅವನು ತಲೆಯಾಡಿಸಿ, ಜೋಳ ತುಂಬಿಡುವ ಗುಮ್ಮಿಯ ಬಾಯಿಗೆ ಇನ್ನೊಮ್ಮೆ ಮಣ್ಣು ಮೆತ್ತಿದ. ಆ ವರ್ಷ ಮಳೆ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಕಾಶವ್ವನ ಕೂಸಿಗೆ ಹಳ್ಳೆಪ್ಪ ತನ್ನ ಪಾಲಿನ ನೀರಿನಲ್ಲಿ ಅರ್ಧ ಕಳಿಸುತ್ತಿದ್ದನೆಂಬುದು ಅವನು ಸತ್ತ ಮೇಲೆ ತಿಳಿಯಿತು. ಕೂಸು ಹದಿನಾಲ್ಕು ತಿಂಗಳು ಬದುಕಿತು. ಅದನ್ನು ಮಣ್ಣು ಮಾಡಿ ಬಂದ ಸಂಜೆ ರೇಡಿಯೋ ಹಚ್ಚಿದೆ. ಆ ಬೇಸಗೆಯಲ್ಲಿ ಓದಲು ಒಂದು ಹೆಸರೂ ಇರಲಿಲ್ಲ. ಅದರ ಮುಂದೆ ಕೂತು ಅತ್ತೆ. ಯಾತಕ್ಕೆಂದು ಇಂದಿಗೂ ಹೇಳಲಾರೆ.

ಕಾಶವ್ವ ನನ್ನನ್ನು ಬಯ್ಯಲಿಲ್ಲ. "ನಿನ್ನ ಅಂಕಿ ಖರೇ ಇತ್ತಕ್ಕಾ," ಎಂದಳು. "ಖರೇ ಇದ್ದದ್ದಕ್ಕ ನಾ ಏನನ್ಲಿ?" ಅದಾದ ಮೇಲೆ ನನ್ನೊಡನೆ ಮಾತೇ ಇಲ್ಲ.

ಮಧ್ಯಾಹ್ನ ಬಯಲಿನಾಚೆ ಬಿಸಿಲುಗುದುರೆ ಏಳುತ್ತದೆ. ಅದರೊಳಗೆ ಕಂಕುಳಲ್ಲಿ ಕೂಸೆತ್ತಿಕೊಂಡ ಗೂನುಬೆನ್ನಿನ ಮುದುಕನೊಬ್ಬ ನಿಂತಿರುತ್ತಾನೆ. ಅವನ ಹಿಂದೆ, ಬೆವರಿಗೆ ಬಟ್ಟೆ ಮೈಗಂಟಿದ ಮಂದಿ. ಅವರ ಮುಖಗಳ ಗುರುತು ನನಗಿಲ್ಲ. ಅವರು ಹತ್ತಿರ ಬರುವುದಿಲ್ಲ, ಏನನ್ನೂ ಕೇಳುವುದಿಲ್ಲ. ನಾನು ಅಳೆದು ಮುಗಿಸುವವರೆಗೆ ನೋಡುತ್ತಾರೆ. ಮೊದಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಅಳತೆ ತಪ್ಪುತ್ತಿತ್ತು. ಈಗ ತೆರೆದೇ ಇರುತ್ತೇನೆ.

ಹಿರಿಯರೇ, ನಿಮ್ಮ ಅಂಕಿ ಇನ್ನೂ ಮೇಲಿದೆ. ಅದು ಇಳಿಯತೊಡಗಿದ ದಿನ ಒಬ್ಬನೇ ಮನುಷ್ಯನ ಕೈಗೆ ಅದನ್ನು ಬಿಡಬೇಡಿ. ಕಡಲ ಬದಿಯವರೊಬ್ಬರು, ಬಯಲುಸೀಮೆಯವರೊಬ್ಬರು ಜೊತೆಗೆ ನಿಂತು, ಒಬ್ಬರ ಮುಖ ಒಬ್ಬರು ನೋಡುತ್ತ ಓದಲಿ. ಹಡಗು ಕಟ್ಟುವ ಮೊದಲು, ಮಳೆ ಯಾರ ಊರಿಗೆ ತಪ್ಪುತ್ತದೆಂದು ಕೇಳಿ, ಆ ಊರಿಗೆ ಹೋಗಿ ಹೇಳಿ ಬನ್ನಿ.

ಸುತ್ತುಗಣ್ಣು ಹಾಯುವ ಹೊತ್ತಾಯಿತು, ಏಳುತ್ತೇನೆ. ಜೊತೆಗೆ ನಿಲ್ಲಲು ಕರಾವಳಿಯಿಂದ ಯಾರನ್ನಾದರೂ ಕಳಿಸಿಕೊಡಿ ಎಂದು ನನ್ನ ವರದಿಯಲ್ಲಿ ಮೂರು ಸಲ ಬರೆದಿದ್ದೇನೆ. ಇನ್ನೂ ಯಾರೂ ಬಂದಿಲ್ಲ.

ಜಗದೇವಿ