ಹೂವಿನ ಬುಟ್ಟಿ ಮರೆತ ಭಾಗೀರಥಮ್ಮ

೧೨ ಮಾರ್ಚ್ ೧೯೯೯, ಶುಕ್ರವಾರ

ಡಾಕ್ಟರ್ ಚಕ್ರಪಾಣಿಯವರ ಇಪ್ಪತ್ತೈದು ವರ್ಷಗಳ ಮಿದುಳು ಸಂಶೋಧನೆಗೆ ಇವತ್ತು ಸನ್ಮಾನ. ಒಂದು ಕಥೆ ಹೇಳಿ ಅದನ್ನೇ ಮತ್ತೆ ಹೇಳಿಸುವ ಅವರ ಮರೆವಿನ ಪರೀಕ್ಷೆಯನ್ನು ಈಗ ಎಷ್ಟೋ ಆಸ್ಪತ್ರೆಗಳು ಬಳಸುತ್ತವಂತೆ. ಅದರಲ್ಲಿದ್ದ ಇಂಗ್ಲಿಷಿನ ಹಡಗಿನ ಕಥೆ ನಮ್ಮ ಅಜ್ಜಿಯರ ತಲೆಯಲ್ಲಿ ನಿಲ್ಲದಾಗ, ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಹೂವಿನ ಬುಟ್ಟಿ ಮರೆತು ಬರುವ ಭಾಗೀರಥಮ್ಮನ ಕಥೆ ಬರೆದುಕೊಟ್ಟವಳು ನಾನು. ಡಾಕ್ಟರೇ ಕೂತು ಒಂಬತ್ತು ಸಲ ತಿದ್ದಿಸಿದ್ದರು.

ಸಭೆಯಲ್ಲಿ ಯಾರೋ ಕೇಳಿದರು, "ಕಥೆ ಯಾರು ಬರ್ದಿದ್ದು ಸಾರ್?"

"ಯಾರೂ ಬರ್ದಿಲ್ಲ ಕಣ್ರೀ. ಜನಪದ ಅದು, ಹಳೇ ಮಲ್ಲೇಶ್ವರದವ್ರ ಬಾಯಲ್ಲಿತ್ತು."

ಹೇಳುವಾಗ ಡಾಕ್ಟರು ಎರಡನೇ ಸಾಲಿನಲ್ಲಿದ್ದ ನನ್ನನ್ನು ನೋಡಿದರು. ಮರೆತಿದ್ದರೆ ಹೋಗಲಿ ಅನ್ನುತ್ತಿದ್ದೆ. ನೋಡಿ, ನಕ್ಕು, "ಮೈತ್ರೇಯಿ, ಊಟ ಮಾಡ್ಕೊಂಡೇ ಹೋಗ್ಬೇಕು" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಅವರು ಇನ್ನೂ ನನ್ನ ಕಡೆಗೇ ನೋಡುತ್ತಿದ್ದರೆಂದು ಉಳಿದವರು ನಿಲ್ಲಿಸಿದ ಮೇಲೂ ತಟ್ಟುತ್ತಲೇ ಇದ್ದೆ.