ಚೂರಿ ಹಿಡಿಯುವ ಕೈ

17 ಮಾರ್ಚ್ 1998, ಮಂಗಳವಾರ
ಬೆಳಿಗ್ಗೆ ಎರಡು ಕುರಿ. ಒಂದನ್ನು ಕುಯ್ಯುವಾಗ ಇನ್ನೊಂದು ಗೋಡೆಯ ಆಚೆ, ಓಣಿಯಲ್ಲಿ. ಅಬ್ಬಾ ಹಾಕಿಕೊಟ್ಟ ಪದ್ಧತಿ. ಚೂರಿ ಮಸೆಯುವುದೂ ಅದರ ಕಣ್ಣೆದುರು ಅಲ್ಲ. ಕುಯ್ಯುವುದಾದರೂ ಚೆನ್ನಾಗಿ ಕುಯ್ಯಿರಿ, ಅಲಗು ಹರಿತ ಮಾಡಿಕೊಳ್ಳಿ, ಪ್ರಾಣಿಯ ನೋವು ಕಡಿಮೆ ಮಾಡಿ — ನಮ್ಮ ಪ್ರವಾದಿ ರಸೂಲರ ಮಾತು. ಅಬ್ಬಾ ನನಗೆ ಚೂರಿ ಕೊಡುವ ಮೊದಲು ಇದನ್ನು ಬಾಯಿಪಾಠ ಮಾಡಿಸಿದ್ದರು.
ಅಂಗಡಿ ತೊಳೆದೆ. ಮೂಲೆಯಲ್ಲಿ ಇರುವೆ ಸಾಲು. ಅದು ಸರಿಯುವ ತನಕ ಆ ಕಡೆ ನೀರು ಬಿಡಲಿಲ್ಲ.
ಚಹಾ ಕುಡಿಯುವಾಗ ಕಪ್ಪು ಸಾಸರಿನ ಮೇಲೆ ಕಟಕಟ ಎಂದಿತು. ಬಲಗೈ. ನಿದ್ದೆ ಕಡಿಮೆಯಾಗಿರಬೇಕು.

22 ಮಾರ್ಚ್, ಭಾನುವಾರ
ಹದಡಿಯಿಂದ ದುರುಗಣ್ಣ ಯುಗಾದಿ ಮರುದಿನದ ವ್ಯಾಪಾರಕ್ಕೆಂದು ಕುರಿ ಹೊಡೆದುಕೊಂಡು ಬಂದ. ಹಗ್ಗ ಬಿಚ್ಚುತ್ತಿದ್ದೆ. ಅವನ ಕಣ್ಣು ನನ್ನ ಬೆರಳ ಮೇಲೆ.
“ಸಾಬ್ರೆ, ಕೈ ಯಾಕ ಹಂಗ ನಡುಗ್ತೈತೆ?”
“ಬೀಡಿ ಜಾಸ್ತಿ ಆಗೈತಪ್ಪ.”
“ನೀವು ಬೀಡಿ ಸೇದಲ್ಲಲ್ರಿ!”
ನಕ್ಕೆ. ಅವನು ನಗಲಿಲ್ಲ.

29 ಮಾರ್ಚ್, ಭಾನುವಾರ, ಸಂಜೆ
ವರ್ಷತೊಡಕು. ಬೆಳಕು ಹರಿಯುವ ಮೊದಲೇ ವಿನೋಬನಗರದ ಅರ್ಧ ಜನ ಅಂಗಡಿ ಮುಂದೆ. ಸಹಾಯಕ್ಕೆ ಹರಿಹರದಿಂದ ಅಳಿಯ ರಹಮತ್ ಬಂದಿದ್ದ. ಅವನದೂ ಇದೇ ಕಸುಬು.
ಬರೆಯಬೇಕು. ಬರೆಯದಿದ್ದರೆ ತಲೆಯಿಂದ ಹೋಗುವುದಿಲ್ಲ. ಕಪ್ಪು ಮೂತಿಯ ಟಗರು. ಬಿಸ್ಮಿಲ್ಲಾ ಎಂದೆ. ಕೈ ಜಾರಿತು. ಪೂರ್ತಿ ಆಗಲಿಲ್ಲ. ಎರಡನೇ ಸಲ ಎಳೆಯಬೇಕಾಯಿತು. ನಡುವೆ ಅದು ನನ್ನನ್ನು ನೋಡಿತು. ಇಷ್ಟು ವರ್ಷದಲ್ಲಿ ಹೀಗೆ ಆಗಿರಲಿಲ್ಲ.
“ಬಿಸ್ಮಿಲ್ಲಾ ಆತು, ರಕ್ತ ಹೋತು. ಹಲಾಲ್ ಬಿಡ್ರಿ ಮಾಮು,” ಅಂದ ರಹಮತ್.
“ಹಲಾಲ್ ಆತು. ಅದಕ್ಕೆ ನೋವಾತಲ್ಲ?”
“ಹೊರಗ ಜನ ನಿಂತಾರೆ. ಚೂರಿ ಕೊಡ್ರಿ.”
ಕೊಟ್ಟೆ. ಉಳಿದವನ್ನು ಅವನೇ ಮಾಡಿದ — ಸಾಲಾಗಿ ಕಟ್ಟಿ, ಒಂದರ ಕಣ್ಣೆದುರೇ ಇನ್ನೊಂದನ್ನು. ಬೇಡ ಎಂದೆ. ಗದ್ದಲದಲ್ಲಿ ಕೇಳಿಸಲಿಲ್ಲವೋ, ಕೇಳಿಸಿಯೂ ಸುಮ್ಮನಿದ್ದನೋ.
ಮಗ್ರಿಬ್ ನಮಾಜು ಆದಮೇಲೆ ಮಸೀದಿಯ ಮೈಕಿನಲ್ಲಿ ಹೇಳಿದರು, ಚಂದ್ರ ಕಂಡಿದೆ. ಎಂಟನೇ ತಾರೀಖು ಬಕ್ರೀದ್. ಅವತ್ತು ನಾನು ಮನೆಮನೆಗೆ ಹೋಗಿ ಕುರ್ಬಾನಿ ಮಾಡಿಕೊಡಬೇಕು. ಅಬ್ಬಾ ಕಾಲದಿಂದ ಬಂದ ಮನೆಗಳು.

30 ಮಾರ್ಚ್
ಅಂಗಡಿ ತೆರೆಯಲಿಲ್ಲ. ಊಟ ಸೇರಲಿಲ್ಲ. ಹೆಂಡತಿ ಶಹಜಾದಿಗೆ ಕೈಯ ವಿಷಯ ಹೇಳಿದೆ.
“ಗೊತ್ತೈತ್ರಿ,” ಅಂದಳು.
“ಹೆಂಗೆ ಗೊತ್ತು?”
“ಸಂಕ್ರಾಂತಿಯಿಂದ ನಿಮ್ಗೆ ಅರ್ಧ ಕಪ್ ಚಹಾನೇ ಕೊಡ್ತಿದೀನಿ. ತುಂಬ ಕೊಟ್ರೆ ಚೆಲ್ತೀರಿ.”
ಹೌದಲ್ಲ. ನಾನು ನೋಡಿಯೇ ಇರಲಿಲ್ಲ.

1 ಏಪ್ರಿಲ್, ಬುಧವಾರ
ಹರಿಹರ. ಡಾಕ್ಟರ್ ನಾಗಭೂಷಣ್ ಹಾಳೆ ಕೊಟ್ಟು ಸುರುಳಿ ಬರೆಯಿರಿ ಎಂದರು. ಗರಗಸದ ಹಲ್ಲಿನ ಹಾಗೆ ಬಂತು.
“ಇದು ನರದ ನಡುಕ. ಮಾತ್ರೆ ಕೊಡ್ತೀನಿ, ಸ್ವಲ್ಪ ಕಡಿಮೆ ಆಗ್ಬಹುದು. ಪೂರ್ತಿ ಹೋಗಲ್ಲ. ಏನ್ ಕೆಲ್ಸ ಮಾಡ್ತೀರಿ?”
ಹೇಳಿದೆ. ಪೆನ್ನು ಕೆಳಗಿಟ್ಟರು.
ಮಗಳ ಮನೆಯಲ್ಲಿ ಊಟ. ರಹಮತ್, “ನಿಮ್ಮ ಮನೆಗಳ್ನ ನಾನು ನೋಡ್ಕೊಂತೀನಿ ಮಾಮು,” ಅಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಭಾನುವಾರದ್ದು ಕಣ್ಣ ಮುಂದೆ ಬಂತು. ನೋಡೋಣ ಎಂದು ಬಸ್ ಹತ್ತಿದೆ.

4 ಏಪ್ರಿಲ್, ಶನಿವಾರ
ಮಾತ್ರೆ ನುಂಗಿದರೆ ತಲೆ ಭಾರ. ಕೈ ಹಾಗೆಯೇ.
ಮಧ್ಯಾಹ್ನ ಶಹಜಾದಿ ಎದುರಿಗೆ ಬಂದು ಕೂತಳು.
“ಚೂರಿ ನನ್ನ ಕೈಗೆ ಕೊಡ್ರಿ.”
“ಹುಚ್ಚಿ!”
“ಹುಚ್ಚಿ ಯಾಕ್ರಿ? ನಾನೂ ನಮ್ಮಪ್ಪನ ಅಂಗಡ್ಯಾಗ ಬೆಳ್ದೋಳು. ಮನೆ ಕೋಳಿ ಎಲ್ಲಾ ಯಾರು ಕುಯ್ತಾರೆ?”
“ಕೋಳಿ ಬ್ಯಾರೆ. ಹೆಂಗಸು ಕುಯ್ದ ಕುರಿ ಯಾರು ತಿಂತಾರೆ?”
“ಮಸೀದಿ ಹಜರತ್ ಹತ್ರ ಕೇಳ್ಕೊಂಡ್ ಬರ್ರಿ. ಅವ್ರು ಆಗಲ್ಲ ಅಂದ್ರೆ ಸುಮ್ನಿರ್ತೀನಿ. ಆದ್ರೆ ಆ ಟಗರಿಗೆ ಆದಂಗೆ ಇನ್ನೊಂದಕ್ಕೆ ಆಗೋದು ಬ್ಯಾಡ.”
ಮೂವತ್ತು ವರ್ಷದ ಸಂಸಾರ. ಅವಳು ಹೀಗೆ ಕೂತು ಮಾತಾಡಿದ್ದು ಕಡಿಮೆ.

5 ಏಪ್ರಿಲ್
ಹಜರತ್ ಪೂರ್ತಿ ಕೇಳಿಸಿಕೊಂಡರು. ರಸೂಲರ ಕಾಲದಲ್ಲಿ ಕುರಿ ಕಾಯುವ ಹೆಣ್ಣುಮಗಳೊಬ್ಬಳು ಸಾಯುತ್ತಿದ್ದ ಕುರಿಯನ್ನು ಚೂಪು ಕಲ್ಲಿನಿಂದ ಕುಯ್ದು ಜಬಹ್ ಮಾಡಿದ್ದಳಂತೆ. ರಸೂಲರನ್ನು ಕೇಳಿದ್ದಕ್ಕೆ, ತಿನ್ನಿರಿ ಎಂದರಂತೆ.
“ಹೆಂಗಸು ಅಂತ ಅಡ್ಡಿ ಇಲ್ಲ ಬುಡೇನ್‌ಸಾಬ್. ಜನಾನ ಒಪ್ಸೋದು ಮಾತ್ರ ನಿಮ್ ಕೆಲ್ಸ.”
ಸಂಜೆ ಮನೆಮನೆಗೆ ಹೋದೆ. ಮಂಡಿಪೇಟೆಯ ಹಾಜಿಸಾಬರು ಚಹಾ ಕುಡಿಸಿ, ಬೆನ್ನು ತಟ್ಟಿ, “ನಮ್ಮನೆಗೆ ಬ್ಯಾಡಪ್ಪ, ಬೀಗರು ಬರ್ತಾರೆ,” ಅಂದರು. ಒಬ್ಬರು ನಕ್ಕರು. ಒಬ್ಬರು ಬಾಗಿಲಲ್ಲೇ ಮಾತು ಮುಗಿಸಿದರು. ಬಹಳ ಮನೆಗಳು ಕೈಬಿಟ್ಟು ಹೋದವು. ಟೈಲರ್ ಖಾದರ್‌ಬಾಷಾ ಮಾತ್ರ ಮಷಿನ್ ನಿಲ್ಲಿಸಿ ಹೇಳಿದ: “ಭಾಬಿ ಬರ್ಲಿ. ಹಿಂಸೆ ಆಗ್ಬಾರ್ದು, ಅಷ್ಟೆ.”
ಮನೆಗೆ ಬಂದು ಹೇಳಿದೆ. ಶಹಜಾದಿ, “ಒಂದ್ ಮನೆ ಆದ್ರೂ ಐತಲ್ಲ,” ಅಂದಳು.

8 ಏಪ್ರಿಲ್, ಬಕ್ರೀದ್, ಮಧ್ಯಾಹ್ನ 3
ಈದ್ಗಾದಿಂದ ಬಂದ ಮೇಲೆ ಮೊದಲು ನಮ್ಮ ಹೋತ. ಶಹಜಾದಿ ತೋಳು ಮೇಲೆ ಸರಿಸಿ, ದುಪಟ್ಟಾ ಬಿಗಿದು ಕಟ್ಟಿದಳು. ಅವಳ ಮುಖ ಬೆವತಿತ್ತು. ಕೈ ಬೆವತಿರಲಿಲ್ಲ. ನಾನು ಹೋತವನ್ನು ಮಲಗಿಸಿ ಹಿಡಿದೆ. ಕೊರಳ ಕೆಳಗೆ ನನ್ನ ಕೈ ನಡುಗುತ್ತಲೇ ಇತ್ತು. ಹೋತ ಒದ್ದಾಡಲಿಲ್ಲ. ಅವಳು ಅದರ ಕಿವಿ ಸವರಿ ಏನೋ ಅಂದಳು. ಆಮೇಲೆ ಬಿಸ್ಮಿಲ್ಲಾ, ಅಲ್ಲಾಹು ಅಕ್ಬರ್. ಒಂದೇ ಎಳೆತ. ನಾನು ಹರೆಯದಲ್ಲೂ ಇಷ್ಟು ಚೆನ್ನಾಗಿ ಮಾಡಿದ್ದೆನೋ ಇಲ್ಲವೋ.
ಖಾದರ್‌ಬಾಷಾ ಮನೆಯಲ್ಲಿ ಮಾಳಿಗೆ ಮೇಲೆಲ್ಲ ಜನ. ಹೆಂಗಸರೇ ಹೆಚ್ಚು. ಮುಗಿದ ಮೇಲೆ ಅವನ ತಾಯಿ ಬಂದು ಶಹಜಾದಿಯ ಕೈಗೆ ನೀರು ಹಾಕಿದರು. ಪಕ್ಕದ ಓಣಿಯ ಎರಡು ಮನೆಯವರು ತಮ್ಮಲ್ಲಿಗೂ ಬರಲು ಅಲ್ಲೇ ಕರೆದರು. ಹಾಜಿಸಾಬರ ಮನೆಯಿಂದ ಯಾರೂ ಬರಲಿಲ್ಲ. ಅಲ್ಲಿಗೆ ರಹಮತ್ ಹೋಗಿದ್ದಾನೆ.
ಸಂತೋಷವಾಯಿತು. ಸಂಕಟವೂ ಆಯಿತು. ಅವಳು ಚೂರಿ ತೊಳೆದು ಒರೆಸಿ ನಾನು ಇಡುವ ಜಾಗದಲ್ಲೇ ಇಟ್ಟಳು. ಎದ್ದು ಹೊರಗೆ ಹೋದೆ. ಅಳುವುದಕ್ಕೆ ಅಲ್ಲ — ಸುಮ್ಮನೆ.

19 ಏಪ್ರಿಲ್, ಭಾನುವಾರ, ಬೆಳಿಗ್ಗೆ
ಅಂಗಡಿ ಮತ್ತೆ ತೆರೆದು ಎಂಟು ದಿನ. ಕೆಲವು ಗಿರಾಕಿ ಆಚೆ ರಸ್ತೆಯ ಅಂಗಡಿಗೆ ಹೋದರು. ಹೋಗಲಿ. ನಿನ್ನೆ ಗಿರಿಯಮ್ಮ ಚೀಲ ಹಿಡಿದು ಬಂದವಳು ಶಹಜಾದಿಯನ್ನು ನೋಡಿ ನಿಂತೇ ಬಿಟ್ಟಳು.
“ನೀನಾ ಕುಯ್ಯೋದು?”
“ಹೂನವ್ವ.”
“ಸಾಬ್ರು ಏನ್ ಮಾಡ್ತಾರೆ?”
“ಹಿಡ್ಕಂತಾರೆ. ಅವ್ರು ಹಿಡಿದ್ರೆ ಕುರಿ ಹೆದ್ರಲ್ಲ.”
ಗಿರಿಯಮ್ಮ ನನ್ನ ಕೈ ನೋಡಿದಳು. ಮೊದಲಾಗಿದ್ದರೆ ಬಗಲಲ್ಲಿ ಮುಚ್ಚಿಕೊಳ್ಳುತ್ತಿದ್ದೆ. ಮುಚ್ಚಿಕೊಳ್ಳಲಿಲ್ಲ.
ದುರುಗಣ್ಣ ಬಂದ ಹಾಗಿದೆ, ಓಣಿಯಲ್ಲಿ ಕುರಿ ಕೂಗುತ್ತಿದೆ. ಶಹಜಾದಿ ಕರೆಯುತ್ತಿದ್ದಾಳೆ. ಹೋಗಬೇಕು. ಹೊಸ ಜಾಗ, ಹೊಸ ಜನ, ಕುರಿಗೆ ದಿಗಿಲು. ಮೊದಲು ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತು, ಕೊರಳು ಸವರಿ, ಆಮೇಲೆ —